ನಡುಮನೆಯಲ್ಲಿ ಸಿಕ್ಕಿಕೊಂಡ ಆಂಪ್ಲಿಫೈಯರ್

ಜೂನ್ ೧೪, ಶನಿವಾರ, ಅಡ್ಯಾರ್, ಚೆನ್ನೈ

ನಮ್ಮ ಯಜಮಾನರ ಕೆಟ್ಟುಹೋದ ಆಂಪ್ಲಿಫೈಯರ್ ಅಕ್ಕಿಮೂಟೆಗಿಂತ ಭಾರ. ಪ್ಯಾರೀಸ್ ಕಾರ್ನರಿನ ರಿಪೇರಿ ಅಂಗಡಿಗೆ ಕಳಿಸಲು ಇಬ್ಬರು ಕೂಲಿಯವರನ್ನು ಕರೆಸಿದ್ದೆವು. ಮಡಿಯಲ್ಲಿದ್ದ ಅತ್ತೆ ಅವರನ್ನು ಹೊಸ್ತಿಲಲ್ಲೇ ತಡೆದರು. "ನೈವೇದ್ಯ ಆಗೋ ತನಕ ಯಾರೂ ಒಳಗೆ ಬರಕೂಡದು."

ಕೆಳಗೆ ಗಾಡಿಯವನು ಹಾರ್ನ್ ಮೇಲೆ ಹಾರ್ನ್ ಹೊಡೆಯುತ್ತಿದ್ದ.

"ಅಷ್ಟೊತ್ತು ವಂಡಿ ನಿಲ್ಲಲ್ಲ ಶ್ರೀವಿದ್ಯಾ. ಬಾಗಿಲ ತನಕ ನಾವೇ ತರೋಣ, ನೀನೊಂದು ಕಡೆ ಹಿಡಿ" ಎಂದು ಇವರೇ ಎತ್ತಿಬಿಟ್ಟರು. ಬೆನ್ನಿನ ಆಪರೇಷನ್ ಆಗಿ ಇನ್ನೂ ವರ್ಷ ತುಂಬಿಲ್ಲ!

ನಡುಮನೆಗೆ ಬರುವಷ್ಟರಲ್ಲಿ ಇವರ ಮುಖ ಬಿಳಿಚಿಕೊಂಡಿತು. ಇಳಿಸಲೂ ಆಗದೆ ನಿಂತುಬಿಟ್ಟರು. ನಾನು ಕಿರುಚಿದೆ. ದೇವರ ಮನೆಯಿಂದ ಓಡಿಬಂದ ಅತ್ತೆ ಎರಡೂ ಕೈ ಅದರ ಅಡಿಗೆ ಕೊಟ್ಟರು. "ಉಳ್ಳೆ ವಾಂಗಪ್ಪಾ, ಸೀಕ್ರಂ!" ಎಂದು ಕೂಲಿಯವರನ್ನು ಅವರೇ ಒಳಗೆ ಕೂಗಿ ಕರೆದರು.

ಆಮೇಲೆ ಅತ್ತೆ ಮತ್ತೆ ಸ್ನಾನ ಮಾಡಿ, ನೈವೇದ್ಯದ ಅಡುಗೆಯನ್ನು ಮೊದಲಿನಿಂದ ಮಾಡಿದರು.

ಈಗ ಇವರು ಮಗ್ಗುಲು ಬದಲಿಸಿದಾಗಲೆಲ್ಲ ನನ್ನ ಜೀವ ಬಾಯಿಗೆ ಬರುತ್ತಿದೆ.

ಶುಕ್ರವಾರ ವಾಪಸ್ ಕಳಿಸುತ್ತೇನೆಂದು ಅಂಗಡಿಯವನು ಸಂಜೆ ಫೋನ್ ಮಾಡಿದ್ದ.

"ಶುಕ್ರವಾರ ನಾನು ಪೂಜೆ ಬೇಗ ಮುಗಿಸ್ತೀನಿ" ಎಂದರು ಅತ್ತೆ, ನನ್ನ ಮುಖ ನೋಡದೆ.

ಜಗಳ ಆಡಲೆಂದು ಬೆಳಗಿನಿಂದ ಮಾತು ಕೂಡಿಟ್ಟುಕೊಂಡಿದ್ದೆ. ಅದನ್ನೆಲ್ಲ ಈಗ ಯಾರ ಮೇಲೆ ಸುರಿಯಲಿ?