ಹೊಸ ಹೊದಿಕೆ, ಹಳೆಯ ಉಪ್ಪು

ಹೊಲಿಗೆ ಅಂಗಡಿ, ಬಂದರು ರಸ್ತೆ
ಮಂಗಳವಾರ, ಮಾರ್ಚ್ ೧೨

ಪ್ರೀತಿಯ ದೊಡ್ಡಣ್ಣಾ,

ಮಂಡಿನೋವು ಹೇಗಿದೆ? ಅತ್ತಿಗೆ ಕೊಟ್ಟ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಸೀಸೆಯನ್ನು ಕಿಟಕಿಯಲ್ಲಿಟ್ಟು ನೋಡುತ್ತಿದ್ದೀಯೋ? ಆ ಮಂಡಿ ಇಟ್ಟುಕೊಂಡು ನಾವಿಕನಾಗಲು ಹೊರಟಿದ್ದೀಯಲ್ಲ, ನಿನಗೊಂದು ದೊಡ್ಡ ನಮಸ್ಕಾರ. ಇಲ್ಲಿ ಎಲ್ಲರೂ ಕ್ಷೇಮ. ನನ್ನ ಪಿತ್ತ ಮಾತ್ರ ನೆತ್ತಿಗೇರಿದೆ. ಫೋನಿನಲ್ಲಿ ಬೈದರೆ "ಕೇಳಿಸ್ತಿಲ್ಲ" ಅಂತ ಇಟ್ಟುಬಿಡುತ್ತೀಯ, ಅದಕ್ಕೇ ಕಾಗದ.

ನೀನು ಕೊಳ್ಳಲಿರುವ ಯಾಟನ್ನು, ಅದೇ ಆ ಮೋಜಿನ ಹಾಯಿದೋಣಿಯನ್ನು, ಭಾನುವಾರ ನೋಡಿಬಂದೆ. ಮೂವತ್ತು ವರ್ಷ ಮಕ್ಕಳ ತಪ್ಪಿಗೆ ಕೆಂಪು ಗೆರೆ ಎಳೆದ ಮೇಷ್ಟ್ರು ನೀನು. ನಾಲ್ಕು ಫೋಟೋ ನೋಡಿ ನಿವೃತ್ತಿಯ ಇಡುಗಂಟನ್ನೆಲ್ಲ ಸುರಿಯಲು ಹೊರಟಿದ್ದೀಯ. ದಲ್ಲಾಳಿಯನ್ನು ಇಲ್ಲಿ ಎಲ್ಲರೂ ಬೆಣ್ಣೆಬಾಯಿ ಅನ್ನುತ್ತಾರೆ. ನಾನು ಹೋಗುವ ಮೊದಲೇ ಇಂಜಿನ್ ಓಡಿಸಿಟ್ಟಿದ್ದ. ಮುಟ್ಟಿದರೆ ಕೈ ಚುರ್ರೆಂದಿತು. ತಣ್ಣಗಿದ್ದಾಗ ಹೊತ್ತಿಕೊಳ್ಳದ ಇಂಜಿನ್ನಿಗೆ ಮಾಡುವ ಉಪಚಾರ ಅದು. ದೋಣಿಯನ್ನು ಮೇಲೆತ್ತಿಸಿ ತಳ ತೋರಿಸಪ್ಪ ಅಂದರೆ, "ಎತ್ಸೋ ಖರ್ಚು ದಂಡ ಅಕ್ಕಾ, ನಂಬಿಕೆಗೆ ನಾನಿಲ್ವಾ?" ಅಂದ. ನೀರೊಳಗಿನ ಎಮ್ಮೆಗೆ ಬೆಲೆ ಕಟ್ಟುವವರಿದ್ದಾರೆ ಅಂತ ಕೇಳಿದ್ದೆ. ಅವರು ನನ್ನ ಒಡಹುಟ್ಟಿದವರೇ ಅಂತ ಗೊತ್ತಿರಲಿಲ್ಲ. ದೋಣಿ ಪರೀಕ್ಷಕನ ವರದಿ ಅಂತ ನೀನು ಕಳಿಸಿದ್ದನ್ನೂ ಓದಿದೆ. ಮಾರುವವನೇ ಕರೆತಂದ ಪರೀಕ್ಷಕ ಇನ್ನೇನು ಬರೆಯುತ್ತಾನೆ? ನಿನ್ನ ದುಡ್ಡಲ್ಲಿ ನಿನ್ನ ಮನುಷ್ಯನನ್ನು ಹಿಡಿ.

ಕೊಳ್ಳುವುದು ಒಂದು ದಿನ, ಸಾಕುವುದು ದಿನದಿನ. ಕಟ್ಟುವ ಜಾಗಕ್ಕೆ ಬಾಡಿಗೆ, ವಿಮೆ, ವರ್ಷಕ್ಕೊಮ್ಮೆ ತಳಕ್ಕೆ ಬಣ್ಣ, ಹಾಯಿ ಹರಿದರೆ ಹಾಯಿ. ಬೆಲೆಯ ಹತ್ತರಲ್ಲೊಂದು ಪಾಲು ವರ್ಷವರ್ಷವೂ ನೀರುಪಾಲು ಅನ್ನುತ್ತಾರೆ ಇಲ್ಲಿಯ ಹಳಬರು. ಬಾಡಿಗೆಗೆ ಬಿಟ್ಟು ಗಳಿಸುತ್ತೇನೆ ಅಂದೆ ನೀನು. ಮೊದಲು ನೀನೇ ಒಂದನ್ನು ವಾರದ ಮಟ್ಟಿಗೆ ಬಾಡಿಗೆಗೆ ಹಿಡಿದು ನೋಡು ಮಹರಾಯ. ಅವರು ಹೇಳುವ ದರ ಬರೀ ದೋಣಿಗೆ. ಡೀಸೆಲ್ ಬೇರೆ, ಊಟ ಬೇರೆ, ನಡೆಸುವವನ ಕೂಲಿ ಬೇರೆ, ಎಲ್ಲಾದರೂ ಗೀಚಿದರೆ ಮುರಿದುಕೊಳ್ಳಲು ಠೇವಣಿ ಬೇರೆ. ಕನಸಿಗೆ ಹಾಯಿ, ಕಾಸಿಗೆ ಬಾಯಿ.

ಇಷ್ಟಾದರೂ "ಶುಕ್ರವಾರ ಸಹಿ ಹಾಕ್ತೀನಿ, ಒಳಗೆಲ್ಲ ಹೊಸದು, ಆ ನೀಲಿ ದಿಂಬು ನೋಡೇ ಮನಸ್ಸು ಸೋತೋಯ್ತು" ಅಂತ ಬರೆದಿದ್ದೀಯ. ದಿಂಬು ತೇಲಿಸುತ್ತದೆಯೇ ದೋಣಿಯನ್ನು?

ಅತ್ತಿಗೆಗೆ ನಮಸ್ಕಾರ, ಮಂಡಿಗೆ ಎಣ್ಣೆ, ಸಹಿಗೆ ತಡೆ.

ಇಷ್ಟು ಬೈದರೂ ನಿನ್ನವಳೇ,
ತಂಗಿ

ತಾ.ಕ.: ಮರೆತಿದ್ದೆ ಅಂತ ಸುಳ್ಳು ಹೇಳುವುದಿಲ್ಲ, ಬರೆಯಲು ಧೈರ್ಯ ಬರಲಿಲ್ಲ. ಆ ನೀಲಿ ದಿಂಬುಗಳನ್ನು ಹೊಲಿದವಳು ನಾನೇ. ಹೋದ ತಿಂಗಳು ಬೆಣ್ಣೆಬಾಯಿ ಹನ್ನೊಂದು ಹಳೆಯ ಸ್ಪಂಜು ತಂದುಹಾಕಿದ್ದ. ಒಳಗೆಲ್ಲ ಉಪ್ಪು ಕಟ್ಟಿತ್ತು. ಯಾವಾಗಲೋ ದೋಣಿಯೊಳಗಿನ ಇಡೀ ಕೋಣೆಯೇ ಸಮುದ್ರದ ನೀರಲ್ಲಿ ಮುಳುಗದೆ ಹಾಗಾಗುವುದಿಲ್ಲ. ಸ್ಪಂಜೂ ಬದಲಿಸಿ ಅಂದೆ. "ನೀವು ಹೊಲೀರಿ, ಸಾಕು" ಅಂದ. ಯಾರದೋ ದೋಣಿ, ನನಗೇನು ಅಂತ ಹೊಲಿದುಕೊಟ್ಟೆ. ಭಾನುವಾರ ದಿಂಬಿನ ಮೂಲೆಯಲ್ಲಿ ನನ್ನ ಜೋಡಿ ಹೊಲಿಗೆ ಕಂಡಾಗಲೇ ಗೊತ್ತಾದದ್ದು ಅದು ಯಾರ ದೋಣಿ ಅಂತ. ಈ ಕೋಪದಲ್ಲಿ ಅರ್ಧ ನನ್ನ ಮೇಲಿನದೇ. ಒಂದು ದಿಂಬನ್ನು ಅಲ್ಲೇ ಬಿಚ್ಚಿ ಸ್ಪಂಜಿನ ತುಂಡು ಕತ್ತರಿಸಿ ತಂದಿದ್ದೇನೆ, ಲಕೋಟೆಯಲ್ಲಿದೆ. ನಾಲಿಗೆಗೆ ಮುಟ್ಟಿಸಿ ನೋಡು. ಆಮೇಲೂ ಸಹಿ ಹಾಕುವುದಾದರೆ ಹಾಕು.