ಮಜೀದಸಾಬ ಮುಳುಗಿಸದ ಹಡಗು

೯ ಮಾರ್ಚ್ ೧೯೫೨, ರವಿವಾರ. ಶಹಾಬಾದ

ವಾಡಿಯಲ್ಲಿ ರೈಲ್ವೆ ಡ್ಯೂಟಿ ಮುಗಿಸಿ ಬಂದೆ. ಅವ್ವನನ್ನೂ ಅಣ್ಣನ ಹೆಂಡತಿ ಚಂದಮ್ಮ ವೈನಿಯನ್ನೂ ಟೆಂಟ್ ಟಾಕೀಸಿಗೆ ಕರೆದೊಯ್ದೆ. ಅಮೆರಿಕದ ಪಿಕ್ಚರ್ — ಸಮುದ್ರದ ಯುದ್ಧ. ಅಣ್ಣ ಭೀಮಶಾ ಹಡಗಿನ ಬಾಯ್ಲರಿಗೆ ಕಲ್ಲಿದ್ದಲು ಹಾಕುತ್ತಿದ್ದ. ನಲವತ್ಮೂರರಲ್ಲಿ, ಯುದ್ಧದಲ್ಲಿ, ಹಡಗು ಮುಳುಗಿತು, ಅವನು ಸತ್ತನೆಂದು ತಾರು ಬಂತು. ಅವನಿದ್ದ ಸಮುದ್ರ ಹೇಗಿತ್ತೋ ನೋಡಬೇಕೆಂದು ಅವ್ವನ ಹಟ.

ಎರಡು ತಾಸು ಬರೀ ಟೋಪಿ, ದುರ್ಬೀನು, ಸಿಗರೇಟು. ಕಲ್ಲಿದ್ದಲು ಹಾಕುವವನ ಮುಖ ಒಮ್ಮೆಯೂ ಇಲ್ಲ! ಹಡಗು ಗಾಳಿ ಕುಡಿದು ಓಡುತ್ತದೇನು? ಸಿಟ್ಟು ನೆತ್ತಿಗೇರಿತು.

ಕೊನೆಗೆ ಮುಳುಗಿತು. ಪರದೆಯ ಪಕ್ಕ ಕೋಲು ಹಿಡಿದು ಕಥೆ ಬಿಡಿಸಿ ಹೇಳುವ ಮಜೀದಸಾಬ ಕೂಗಿದ: "ಅಂಜಬ್ಯಾಡ್ರಿ! ಎಲ್ಲಾರೂ ಈಸಿ ನಡುಗಡ್ಡಿ ಮುಟ್ಯಾರ!" ಜನರ ಚಪ್ಪಾಳೆ. ಅವ್ವ ನನ್ನ ಕೈ ಗಟ್ಟಿಯಾಗಿ ಹಿಡಿದಳು.

೧೦ ಮಾರ್ಚ್

ಅವ್ವ ವೈನಿಯ ಮರುಮದುವೆ, ಉಡಿಕೆ, ಬೇಡವೆನ್ನುತ್ತಾಳೆ! ಶುಕ್ರವಾರ ಭಂಕೂರಿನ ದೇವೀಂದ್ರಪ್ಪ ವೈನಿಗೆ ಸೀರೆ ಉಡಿಸಿ ಹೆಂಡತಿಯಾಗಿ ಕರೆದೊಯ್ಯಬೇಕು. ಅತ್ತೆ ಒಪ್ಪದೆ ಅದು ನಡೆಯದು.

"ಹೊಳಿ ದಂಡಿ ಮಂದಿ ನಾವು. ನನ್ನ ಮಗಗ ಈಸು ಬರಂಗಿಲ್ಲೇನು? ನಡುಗಡ್ಡ್ಯಾಗ ಕುಂತಾನ. ಗಂಡ ಇದ್ದಾಕಿಗಿ ಎಂಥಾ ಉಡಿಕಿ?"

ವೈನಿ ರೊಟ್ಟಿ ಬಡಿಯುತ್ತಲೇ ಇದ್ದಳು.

೧೧ ಮಾರ್ಚ್

ಮಜೀದಸಾಬನನ್ನು ಹಿಡಿದೆ. "ಸುಳ್ಳ್ಯಾಕ ಹೇಳ್ತಿ?"

"ಮೊದಲ್ನೇ ದಿನ ಖರೇನೇ ಹೇಳಿದ್ದೆ, ಸಾಯಬಣ್ಣ. ಹೆಣ್ಮಕ್ಕಳು ಅಳಾಕತ್ತಿದ್ರು. ನನ್ನ ಬಾಯಿಲೆ ಎಷ್ಟು ಮಂದೀನ ಕೊಲ್ಲಲಿ?"

ದೊಡ್ಡ ದಯಾವಂತ! ಇವನ ದಯೆಗೆ ನಮ್ಮ ಮನೆಯ ಹೆಣ್ಣು ಸಾಯಬೇಕೆ? ನಾಳೆ ಅವ್ವನ ಮುಂದೆ ಇದ್ದದ್ದನ್ನು ಇದ್ದಂತೆ ಹೇಳು ಎಂದೆ. ಒಪ್ಪಿದ.

೧೨ ಮಾರ್ಚ್

ಅವ್ವನನ್ನೂ ವೈನಿಯನ್ನೂ ಮತ್ತೆ ಟಾಕೀಸಿಗೆ ಕರೆದೊಯ್ದೆ. ಹಡಗು ಮುಳುಗಿತು. ಮಜೀದಸಾಬ ಕೋಲು ಎತ್ತಿ ಅವ್ವನನ್ನು ನೋಡಿದ. ಕೋಲು ಇಳಿಸಿಬಿಟ್ಟ. ಹೇಡಿ! ನಾನೇ ಎದ್ದೆ. ಅವ್ವ ನನ್ನತ್ತ ತಿರುಗಿದಳು... ಕೂತುಬಿಟ್ಟೆ. ನಾನೂ ಹೇಡಿಯೇ.

ಹೆಂಗಸರ ಸಾಲಿನಲ್ಲಿ ವೈನಿ ಎದ್ದು ನಿಂತಳು.

"ಸತ್ತಾರ! ಎಲ್ಲಾರೂ ಸತ್ತಾರ. ನನ್ನ ಗಂಡನೂ ಸತ್ತಾರ್ರಿ, ಅತ್ತಿ. ಒಂಬತ್ತು ವರ್ಷ ಆತು. ನಾ ಇನ್ನಾ ಬದುಕೀನಿ — ನನ್ನ ನೋಡ್ರಿ!"

ಅವ್ವ ಎದ್ದು ಮನೆಗೆ ನಡೆದಳು.

೧೩ ಮಾರ್ಚ್, ಬೆಳಿಗ್ಗೆ

"ದೇವೀಂದ್ರಪ್ಪಗ ನಾಳಿ ಬಾ ಅಂತ ಹೇಳಿ ಕಳಸು" ಎಂದಳು ಅವ್ವ. ವೈನಿ ಒಳಗೆ ಹೋಗಿ ಅತ್ತಳು. ಆಮೇಲೆ ಅವ್ವ ನನ್ನ ಪಕ್ಕ ಬಂದು ಕೂತಳು.

"ಆ ನೀರು ಭಾಳ ಥಂಡಿ ಇರ್ತಾವೇನೊ, ತಮ್ಮಾ?"

ಇಲ್ಲವ್ವ, ಅಲ್ಲಿ ನೀರು ಬೆಚ್ಚಗೆ, ಎಂದೆ. ನಮ್ಮ ಹೊಳೆಯ ಹಾಗೇ, ಬೇಸಿಗೆಯಲ್ಲಿ —