ಕಂಬಳಿ ಹೊದ್ದು ಬರಬೇಡಿ

ಉಟಗಿ, ೧೯೬೮

ಶೇವಂತಾಳ ಅಪ್ಪನವರಿಗೆ ನಮಸ್ಕಾರ.

ಮೊನ್ನೆ ಸಂಜೆ ದರಿಬಡಚಿಯ ಕಾಳಪ್ಪಜ್ಜ ನಮ್ಮ ಕಟ್ಟೆಯ ಮೇಲೆ ಕುಳಿತು ಒಂದು ಕಥೆ ಹೇಳಿದ. ಅವರೂರಿನ ಕುರುಬನೊಬ್ಬ ಕುರಿ ಮೇಯಿಸಲು ದೂರ ಹೋಗಿ ಎಷ್ಟೋ ತಿಂಗಳ ಮೇಲೆ ಮನೆಗೆ ಬಂದನಂತೆ. ಅವನಿಲ್ಲದಾಗ ಬೆಳೆದ ನಾಯಿ ಕಳ್ಳನೆಂದು ಅವನ ಗಂಟಲಿಗೇ ಹಾರಿತಂತೆ.

ನೀವು ಕುರಿ ಹೊಡೆದುಕೊಂಡು ಹೋದ ಮೇಲೆ ಸಾಕಿದ ನಮ್ಮ ನಾಯಿ ಹಂಡ್ಯಾನನ್ನು ನೀವು ನೋಡಿಲ್ಲ. ಹಟ್ಟಿಯ ಮರಿಗಳನ್ನು ಕದಿಯುವವರು ಕಂಬಳಿ ಮುಸುಕು ಹಾಕಿ ಬರುತ್ತಾರೆಂದು, ಕಂಬಳಿ ಕಂಡು ಅದು ಗುರುಗುಟ್ಟಿದಾಗಲೆಲ್ಲ “ಭಾಳ ಶಾಣ್ಯಾ ನನ್ನ ಮಗ” ಎಂದು ನಾನೇ ರೊಟ್ಟಿ ಹಾಕಿದೆ. ನೀವು ಬರುವುದೂ ಕಂಬಳಿ ಹೊದ್ದೇ ಅಲ್ಲವೇ?

“ಈಗ ಏನ ಮಾಡ್ಲಿ, ಅಜ್ಜಾ?” ಎಂದೆ.

“ಕಲಿಸಿದ ಕೈನ ಆ ಚಟಾ ಬಿಡಸಬೇಕವ್ವಾ. ಕಂಬಳಿ ಕಂಡೂ ಸುಮ್ಮ ಕುಂತರಷ್ಟ ರೊಟ್ಟಿ ಹಾಕು” ಎಂದ.

ದಯವಿಟ್ಟು ಹಳ್ಳದ ಆಚೆಯೇ ಕಂಬಳಿ ತೆಗೆದು ನನ್ನನ್ನು ಕೂಗಿ. ನಾನು ಬರುವವರೆಗೆ ದಾಟಬೇಡಿ.

ಕಥೆ ಕೇಳಿದ್ದ ಓಣಿಯ ಗಂಡಸರು ಹಂಡ್ಯಾನಿಗೆ ರೂಢಿಯಾಗಲೆಂದು ಮರುದಿನ ಬೆಳಿಗ್ಗೆ ಕಂಬಳಿ ಹೊದ್ದು ಒಬ್ಬೊಬ್ಬರಾಗಿ ನಮ್ಮ ಬಾಗಿಲಿಗೆ ಬಂದರು. ನಾನು ಒಂದು ಕೈಯಲ್ಲಿ ಹಂಡ್ಯಾನ ಹಗ್ಗ, ಇನ್ನೊಂದರಲ್ಲಿ ರೊಟ್ಟಿ ಹಿಡಿದು ಕುಳಿತಿದ್ದೆ. ಅವರೆಲ್ಲ ಬಂದು ಹೋದರೂ ರೊಟ್ಟಿ ನನ್ನ ಕೈಯಲ್ಲೇ ಉಳಿದಿತ್ತು.

ಇಂತಿ,
ದುಂಡವ್ವ